ರಾಶಿ ದೊಡ್ಡದೋ, ಕಾಳು ಗಟ್ಟಿಯೋ: ಆ್ಯಪ್ ಸ್ಟೋರ್ ಆರಿಸುವಾಗ ಏನು ನೋಡಬೇಕು?

ಅಮ್ಮನಿಗೆ ಹೊಸ ಫೋನ್ ತಂದ ದಿನ ಅವಳು ಕೇಳಿದ್ದು ಒಂದೇ. "ಇದರಲ್ಲೊಂದು ಪಂಚಾಂಗ ಹಾಕ್ಕೊಡು. ಏಕಾದಶಿ ಯಾವತ್ತು, ರಾಹುಕಾಲ ಎಷ್ಟೊತ್ತಿಗೆ ಅಂತ ಗೊತ್ತಾದ್ರೆ ಸಾಕು." ಸ್ಟೋರ್ ತೆರೆದು ಹುಡುಕಿದೆ. ಒಂದರ ಕೆಳಗೊಂದು ಬರುತ್ತಲೇ ಇದ್ದವು. ಚಿತ್ರ ಒಂದೇ ಥರ, ಹೆಸರೂ ಒಂದೇ ಥರ. ಎಲ್ಲಕ್ಕಿಂತ ಮೇಲಿದ್ದದ್ದನ್ನೇ ಹಾಕಿಕೊಟ್ಟೆ. ಮಾರನೇ ದಿನ ಅಮ್ಮನ ಫೋನ್ ಬಂತು. ತಿಥಿ ನೋಡಲು ಹೋದರೆ ಯಾವುದೋ ಆಟದ ಜಾಹೀರಾತು ಪರದೆ ತುಂಬ ಬರುತ್ತದೆ, ಅದನ್ನು ಮುಚ್ಚುವುದು ಹೇಗೆಂದೇ ತಿಳಿಯುತ್ತಿಲ್ಲ ಎಂದಳು. ಅದನ್ನು ತೆಗೆದು ಇನ್ನೊಂದು ಹಾಕಿದೆ. ಅದು ಕಾಂಟ್ಯಾಕ್ಟ್ಸ್ ಪರ್ಮಿಷನ್ ಕೇಳಿತು. ಪಂಚಾಂಗಕ್ಕೆ ನಮ್ಮ ನೆಂಟರಿಷ್ಟರ ನಂಬರ್ ಯಾಕೆ? ಮೂರನೆಯದು ನೋಡಲು ಚೆನ್ನಾಗಿತ್ತು, ಆದರೆ ಒಳಗಿದ್ದದ್ದು ಕಳೆದ ವರ್ಷದ ಪಂಚಾಂಗ. ಕೊನೆಗೆ ಐದನೆಯದು ಸರಿಹೋಯಿತು.

ಪಂಚಾಂಗಗಳಿಗೆ ಅಲ್ಲಿ ಬರವಿರಲಿಲ್ಲ. ಒಳ್ಳೆಯದೊಂದನ್ನು ಹುಡುಕಲು ಮಾತ್ರ ಎರಡು ದಿನ ಬೇಕಾಯಿತು. ಅವತ್ತಿನಿಂದ ಯಾರಾದರೂ "ಯಾವ ಆ್ಯಪ್ ಸ್ಟೋರ್ ಒಳ್ಳೇದು?" ಅಂತ ಕೇಳಿದರೆ ನಾನು ಹೇಳುವುದು ಇಷ್ಟು: ನಿಮಗೆ ಬೇಕಾದ ಆ್ಯಪ್‌ಗಳ ಪಟ್ಟಿ ತುಂಬುವವರೆಗೆ ಮಾತ್ರ ಸಂಖ್ಯೆ ನೋಡಿ. ಪಟ್ಟಿ ತುಂಬಿದ ಮೇಲೆ ಉಳಿದ ಲಕ್ಷಗಟ್ಟಲೆ ಆ್ಯಪ್‌ಗಳಿಂದ ನಿಮಗೆ ಲಾಭವಿಲ್ಲ. ಹುಡುಕುವಾಗ ಅವು ಅಡ್ಡ ಬರುತ್ತವೆ, ಅಷ್ಟೇ.

ಹಾಗಾಗಿ ಸ್ಟೋರ್‌ಗಳನ್ನು ಹೋಲಿಸುವ ಮೊದಲು ಒಂದು ಚೀಟಿ ತಗೊಳ್ಳಿ. ಬ್ಯಾಂಕ್, ಯುಪಿಐ, ವಾಟ್ಸ್‌ಆ್ಯಪ್, ಕನ್ನಡ ಕೀಬೋರ್ಡ್, ಬಸ್ಸೋ ಮೆಟ್ರೋ ಟಿಕೆಟ್, ಮಕ್ಕಳ ಶಾಲೆಯ ಆ್ಯಪ್, ಹಾಡು, ಜಮೀನಿದ್ದರೆ ಸರ್ವೆ ನಂಬರ್ ನೋಡುವ ದಿಶಾಂಕ್. ಬರೆಯುತ್ತಾ ಹೋದರೆ ಬಹಳಷ್ಟು ಜನರ ಪಟ್ಟಿ ಹದಿನೈದು ಇಪ್ಪತ್ತಕ್ಕೆ ಮುಗಿಯುತ್ತದೆ. ಸ್ಟೋರ್‌ಗಳನ್ನು ಅಳೆಯಲು ಈ ಚೀಟಿ ಸಾಕು.

ಮೂರು ಲಕ್ಷ ಇದ್ದರೂ ಸಾಲಲಿಲ್ಲ

ಸಂಖ್ಯೆಯ ಓಟ ಶುರುವಾದದ್ದು 2008ರಲ್ಲಿ. ಆ ವರ್ಷದ ಜುಲೈನಲ್ಲಿ ಆ್ಯಪಲ್‌ನ ಆ್ಯಪ್ ಸ್ಟೋರ್ 500 ಆ್ಯಪ್‌ಗಳೊಂದಿಗೆ ಬಾಗಿಲು ತೆರೆಯಿತು. ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ಮಾರ್ಕೆಟ್ ಬಂತು. ಅದಕ್ಕೇ 2012ರಲ್ಲಿ ಗೂಗಲ್ ಪ್ಲೇ ಅಂತ ಹೆಸರಾಯಿತು. ಅಲ್ಲಿಂದ ಎಷ್ಟೋ ವರ್ಷ ಫೋನ್ ಕಂಪನಿಗಳು ವೇದಿಕೆ ಹತ್ತಿದರೆ ಮೊದಲು ಹೇಳುತ್ತಿದ್ದದ್ದು "ನಮ್ಮಲ್ಲಿ ಇಷ್ಟು ಲಕ್ಷ ಆ್ಯಪ್ ಇವೆ" ಅಂತ.

ಈ ಓಟದಲ್ಲಿ ಸೋತ ಇಬ್ಬರ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಂಖ್ಯೆಯನ್ನು ನಂಬಿದರೆ ಏನಾಗುತ್ತದೆ ಅನ್ನುವುದು ಅಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಮೊದಲನೆಯದು ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್. 2013ರ ಹೊತ್ತಿಗೆ ನೋಕಿಯಾ ಲೂಮಿಯಾ 520 ನಮ್ಮಲ್ಲೂ ಎಷ್ಟೋ ಜನರ ಕೈಯಲ್ಲಿತ್ತು. ಕಡಿಮೆ ಬೆಲೆಗೆ ಗಟ್ಟಿ ಫೋನ್. ಅದರ ಸ್ಟೋರ್‌ನಲ್ಲಿ ಆ್ಯಪ್ ಕಡಿಮೆ ಎಂಬ ದೂರಿತ್ತು. ಅದಕ್ಕೆ ಮೈಕ್ರೋಸಾಫ್ಟ್ 2013ರಲ್ಲಿ ಅಮೆರಿಕದ ಡೆವಲಪರ್‌ಗಳಿಗೆ, ಅಂದರೆ ಆ್ಯಪ್ ಮಾಡುವವರಿಗೆ, ಆ್ಯಪ್ ಒಂದಕ್ಕೆ 100 ಡಾಲರ್ ಕೊಡುವ ಯೋಜನೆ ತಂದಿತು. ಎಣಿಕೆ ಏರಿತು. 2014ರಲ್ಲಿ ಅದು 3 ಲಕ್ಷ ಮುಟ್ಟಿತು. ಆದರೆ ಏರಿದ ಎಣಿಕೆಯಲ್ಲಿ ಹೆಸರು, ಚಿತ್ರ ಕದ್ದ ನಕಲಿ ಆ್ಯಪ್‌ಗಳೂ ತುಂಬಿಕೊಂಡವು. ಅದೇ ವರ್ಷದ ಆಗಸ್ಟ್‌ನಲ್ಲಿ ಜನರನ್ನು ದಾರಿ ತಪ್ಪಿಸುವಂಥ 1,500ಕ್ಕೂ ಹೆಚ್ಚು ಆ್ಯಪ್‌ಗಳನ್ನು ಕಂಪನಿಯೇ ತೆಗೆದುಹಾಕಬೇಕಾಯಿತು. ಇತ್ತ ಜನ ನಿಜವಾಗಿ ಕೇಳುತ್ತಿದ್ದ ಹೆಸರುಗಳಲ್ಲಿ ಕೆಲವು ತಡವಾಗಿ ಬಂದವು, ಕೆಲವು ಬರಲೇ ಇಲ್ಲ. ಯೂಟ್ಯೂಬ್ ಆ್ಯಪ್ ವಿಚಾರದಲ್ಲಿ ಗೂಗಲ್ ಜೊತೆ ಜಗಳವಾಯಿತು. ಇನ್‌ಸ್ಟಾಗ್ರಾಂ ಐಫೋನ್‌ಗೆ 2010ರಲ್ಲೇ ಬಂದಿದ್ದರೆ ಇಲ್ಲಿಗೆ 2013ರ ನವೆಂಬರ್‌ವರೆಗೆ ಕಾಯಬೇಕಾಯಿತು. ಸ್ನ್ಯಾಪ್‌ಚಾಟ್ ಕೊನೆಗೂ ಬರಲಿಲ್ಲ. 2019 ಮುಗಿಯುವಾಗ ವಾಟ್ಸ್‌ಆ್ಯಪ್ ಕೂಡ ನಿಂತಿತು. ಮೂರು ಲಕ್ಷ ಇತ್ತು, ಆದರೆ ಜನರ ಚೀಟಿಯಲ್ಲಿದ್ದ ಆ ಹತ್ತು ಇರಲಿಲ್ಲ.

ಎರಡನೆಯದು ಬ್ಲ್ಯಾಕ್‌ಬೆರಿ ಕಂಪನಿಯ ಫೋನ್ ತಂತ್ರಾಂಶ ಬ್ಲ್ಯಾಕ್‌ಬೆರಿ 10. ಅದು ಬಿಡುಗಡೆಯಾದದ್ದು 2013ರ ಜನವರಿಯಲ್ಲಿ. ಅದಕ್ಕೆ ಮುಂಚೆ ಡೆವಲಪರ್‌ಗಳಿಗೆ ಆ್ಯಪ್‌ಗೆ 100 ಡಾಲರ್‌ನಂತೆ ಕೊಟ್ಟು ಒಂದೇ ವಾರಾಂತ್ಯದಲ್ಲಿ 15,000 ಆ್ಯಪ್ ಸೇರಿಸಿಕೊಂಡರು. 2013ರ ಆಗಸ್ಟ್ ಹೊತ್ತಿಗೆ ಸ್ಟೋರ್‌ನಲ್ಲಿ ಸುಮಾರು 1 ಲಕ್ಷ 20 ಸಾವಿರ ಆ್ಯಪ್ ಇದ್ದವು. ಅವುಗಳಲ್ಲಿ ಸುಮಾರು 47,000 ಒಂದೇ ಒಂದು ಕಂಪನಿಯವು! ಮೂರನೇ ಒಂದಕ್ಕಿಂತ ಜಾಸ್ತಿ. ಒಂದೇ ಅಚ್ಚಿನಲ್ಲಿ ಊರಿಗೊಂದು ಗೈಡ್ ತೆಗೆದಂಥ ಆ್ಯಪ್‌ಗಳು. ಕಣದಲ್ಲಿ ರಾಶಿ ಎತ್ತರವಾಗಿ ಕಾಣಲಿ ಅಂತ ಜಳ್ಳನ್ನೂ ಸುರಿದ ಹಾಗೆ ಆಯಿತು.

ಗೂಗಲ್ ತಾನೇ ರಾಶಿ ತೂರಿತು

ಗೂಗಲ್ ಪ್ಲೇ ಈ ಪಾಠವನ್ನು ತಡವಾಗಿ ಕಲಿತಿತು, ಆದರೆ ಗಂಭೀರವಾಗಿಯೇ ಕಲಿತಿತು. ಅಲ್ಲಿ ಡೆವಲಪರ್ ಆಗಲು ಒಂದೇ ಸಲ 25 ಡಾಲರ್ ಕಟ್ಟಿದರೆ ಸಾಕು. ಆ್ಯಪಲ್‌ಗೆ ಪ್ರತಿ ವರ್ಷ 99 ಡಾಲರ್ ಕಟ್ಟಬೇಕು. ಕಡಿಮೆ ಶುಲ್ಕದಿಂದ ಹಳ್ಳಿಯ ಹುಡುಗನೊಬ್ಬ ಮಾಡಿದ ಕನ್ನಡದ ಆ್ಯಪ್‌ಗೂ ಬಾಗಿಲು ತೆರೆಯಿತು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದೇ ಬಾಗಿಲಿನಿಂದ ಕಸವೂ ಬಂತು. ಒಂದೇ ಒಂದು ವಾಲ್‌ಪೇಪರ್ ಇರುವ ಆ್ಯಪ್, ಒಂದು ಪಿಡಿಎಫ್ ತೆರೆದು ತೋರಿಸುವ ಆ್ಯಪ್, ತೆರೆದರೆ ಏನೂ ಮಾಡದ ಆ್ಯಪ್.

2024ರ ಜುಲೈನಲ್ಲಿ ಗೂಗಲ್ ಇಂಥವಕ್ಕೆ ಜಾಗವಿಲ್ಲ ಎಂದು ನಿಯಮ ಬಿಗಿ ಮಾಡಿತು. 2023ರ ನವೆಂಬರ್ ನಡುವಿನ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯವರು ಆ್ಯಪ್ ಹಾಕುವ ಮೊದಲು 14 ದಿನ ಜನರಿಂದ ಪರೀಕ್ಷೆ ಮಾಡಿಸಬೇಕು. ಮೊದಲು 20 ಜನ ಬೇಕಿತ್ತು, ಆಮೇಲೆ 12ಕ್ಕೆ ಇಳಿಸಿದರು. 2024 ಒಂದರಲ್ಲೇ ನಿಯಮ ಮುರಿದ 23 ಲಕ್ಷ 60 ಸಾವಿರ ಆ್ಯಪ್‌ಗಳನ್ನು ಒಳಗೆ ಬಿಡದೆ ತಡೆದೆವು ಎಂದು ಗೂಗಲ್ ಹೇಳಿದೆ. ಆ್ಯಪ್‌ಗಳ ಲೆಕ್ಕ ಇಡುವ ಆ್ಯಪ್‌ಫಿಗರ್ಸ್ ಸಂಸ್ಥೆ ಕೊಟ್ಟ ಅಂಕಿ ಇನ್ನೂ ಕುತೂಹಲದ್ದು. 2024ರ ಆರಂಭದಲ್ಲಿ ಪ್ಲೇ ಸ್ಟೋರ್‌ನಲ್ಲಿ ಸುಮಾರು 34 ಲಕ್ಷ ಆ್ಯಪ್ ಇದ್ದವು. 2025ರ ಏಪ್ರಿಲ್ ಹೊತ್ತಿಗೆ ಉಳಿದದ್ದು ಸುಮಾರು 18 ಲಕ್ಷ. ಹೆಚ್ಚು ಕಡಿಮೆ ಅರ್ಧ ಹೋಯಿತು. ಸುತ್ತಮುತ್ತ ಕೇಳಿ ನೋಡಿ, "ನಾನು ಬಳಸುತ್ತಿದ್ದ ಆ್ಯಪ್ ಹೋಯ್ತು" ಅಂತ ಎಷ್ಟು ಜನ ಹೇಳುತ್ತಾರೆ? ನನಗಂತೂ ಒಬ್ಬರೂ ಸಿಗಲಿಲ್ಲ.

ಈಗ ಒಂದೊಂದನ್ನೇ ನೋಡೋಣ

ಗೂಗಲ್ ಪ್ಲೇ ನಮ್ಮ ಬಹುಪಾಲು ಜನರ ಕೈಯಲ್ಲಿರುವುದು. ಚೀಟಿ ತುಂಬಿಸುವುದರಲ್ಲಿ ಆಂಡ್ರಾಯ್ಡ್‌ಗೆ ಇದರ ಸಮ ಯಾವುದೂ ಇಲ್ಲ. ಬ್ಯಾಂಕ್, ಸರ್ಕಾರ, ಸಾರಿಗೆ ಎಲ್ಲರೂ ಮೊದಲು ಬರುವುದು ಇಲ್ಲಿಗೇ. ತೊಂದರೆ ಇರುವುದು ಹುಡುಕುವಾಗ. ಪಹಣಿ ಅಂತ ಹುಡುಕಿ ನೋಡಿ. ಸರ್ಕಾರದ್ದಲ್ಲದ ಎಷ್ಟೋ ಆ್ಯಪ್‌ಗಳು ಸರ್ಕಾರದ್ದೇ ಅನ್ನಿಸುವ ಹಾಗೆ ಎದುರಿಗೆ ನಿಲ್ಲುತ್ತವೆ. ಹೊಳೆಯುವ ಬಣ್ಣ, ರೈತರ ಚಿತ್ರ ಎಲ್ಲ ಇರುತ್ತದೆ. ಆದರೆ ದಿಶಾಂಕ್ ಮಾಡಿದ್ದು ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ. ಹೆಸರಿನ ಕೆಳಗೆ ಡೆವಲಪರ್ ಯಾರು ಅಂತ ಬರೆದಿರುವುದನ್ನು ಓದದೆ ಇನ್‌ಸ್ಟಾಲ್ ಒತ್ತಬೇಡಿ. 2024ರ ಮೇ ತಿಂಗಳಿಂದ ಅಧಿಕೃತ ಸರ್ಕಾರಿ ಆ್ಯಪ್‌ಗಳಿಗೆ ಗೂಗಲ್ ಒಂದು ಗುರುತು ಕೊಡುತ್ತಿದೆ. ಮನೆಯ ಹಿರಿಯರಿಗೆ ಆ ಗುರುತನ್ನು ಒಮ್ಮೆ ತೋರಿಸಿಕೊಡಿ.

ಆ್ಯಪಲ್ ಸ್ಟೋರ್‌ನಲ್ಲೂ ಸಂಖ್ಯೆ ಕಡಿಮೆ ಏನಲ್ಲ, 20 ಲಕ್ಷದ ಹತ್ತಿರ ಇದೆ. ಆದರೆ ಬಾಗಿಲಲ್ಲೇ ಮನುಷ್ಯರು ಕೂತು ನೋಡುತ್ತಾರೆ. 2024ರಲ್ಲಿ 77 ಲಕ್ಷ ಅರ್ಜಿ ಪರಿಶೀಲಿಸಿ 19 ಲಕ್ಷಕ್ಕೂ ಹೆಚ್ಚನ್ನು ತಿರಸ್ಕರಿಸಿದ್ದಾಗಿ ಆ್ಯಪಲ್ ಲೆಕ್ಕ ಕೊಟ್ಟಿದೆ. ಅಂದರೆ ನಾಲ್ಕರಲ್ಲಿ ಒಂದು ವಾಪಸ್. ಬರೀ ಗುಣಮಟ್ಟ ನೋಡಿದರೆ ನಾನು ಇದಕ್ಕೇ ಹೆಚ್ಚು ಅಂಕ ಕೊಡುತ್ತೇನೆ. ಆದರೆ ನಮಗೆ ಇಲ್ಲೊಂದು ಬೇರೆ ಲೆಕ್ಕವಿದೆ. ವರ್ಷಕ್ಕೆ 99 ಡಾಲರ್ ಕಟ್ಟಿ ಕನ್ನಡದ ಸಣ್ಣ ಆ್ಯಪ್ ನಡೆಸುವುದು ಒಬ್ಬಂಟಿ ಡೆವಲಪರ್‌ಗೆ ಕಷ್ಟ. ಆ್ಯಪಲ್ ತನ್ನ ಕನ್ನಡ ಕೀಬೋರ್ಡ್ ಕೊಟ್ಟದ್ದೇ 2017ರಲ್ಲಿ ಬಂದ ಐಫೋನ್ ತಂತ್ರಾಂಶ ಐಒಎಸ್ 11ರಲ್ಲಿ. ಆದ್ದರಿಂದ ಐಫೋನ್ ಕೊಳ್ಳುವ ಮುಂಚೆ ಚೀಟಿಯಲ್ಲಿರುವ ಕನ್ನಡದ ಆ್ಯಪ್‌ಗಳು ಅಲ್ಲಿವೆಯಾ ಅಂತ ಸ್ನೇಹಿತರ ಐಫೋನ್‌ನಲ್ಲಿ ಹುಡುಕಿ ನೋಡಿ. ಕೊಂಡ ಮೇಲೆ ಇಲ್ಲ ಅಂತ ಗೊತ್ತಾದರೆ ನಮ್ಮಲ್ಲಿ ಬೇರೆ ಸ್ಟೋರ್ ಹಾಕಿಕೊಳ್ಳುವ ದಾರಿಯಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2024ರಿಂದ ಆ ದಾರಿ ಇದೆ.

ಎಫ್-ಡ್ರಾಯ್ಡ್ ಬಗ್ಗೆ ಗೊತ್ತಿರುವವರು ಕಡಿಮೆ. ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. 2010ರಲ್ಲಿ ಶುರುವಾದ ಈ ಆಂಡ್ರಾಯ್ಡ್ ಸ್ಟೋರ್‌ನಲ್ಲಿರುವುದು ಸುಮಾರು ನಾಲ್ಕು ಸಾವಿರ ಆ್ಯಪ್ ಮಾತ್ರ. ಪ್ಲೇ ಸ್ಟೋರ್ ಮುಂದೆ ಮುಷ್ಟಿಯಷ್ಟು. ಆದರೆ ಎಲ್ಲವೂ ಮುಕ್ತ ತಂತ್ರಾಂಶ. ಅಂದರೆ ಒಳಗೆ ಏನಿದೆ ಅಂತ ಯಾರು ಬೇಕಾದರೂ ತೆರೆದು ನೋಡಬಹುದು. ಹೆಚ್ಚಿನವನ್ನು ಅವರೇ ಮೂಲ ಕೋಡ್‌ನಿಂದ ಕಟ್ಟಿ ಕೊಡುತ್ತಾರೆ. ಖಾತೆ ಬೇಡ, ಇಮೇಲ್ ಬೇಡ. ನನಗೆ ಬಹಳ ಇಷ್ಟವಾದದ್ದು ಅವರ ಎಚ್ಚರಿಕೆ ಪಟ್ಟಿ. ಆ್ಯಪ್‌ನಲ್ಲಿ ಜಾಹೀರಾತು ಇದ್ದರೆ, ಅದು ನಿಮ್ಮ ಮೇಲೆ ಕಣ್ಣಿಡುವಂತಿದ್ದರೆ, ಬೇರೆ ಯಾರದೋ ಸರ್ವರ್ ನೆಚ್ಚಿಕೊಂಡಿದ್ದರೆ ಅದನ್ನು ಇನ್‌ಸ್ಟಾಲ್ ಮಾಡುವ ಮೊದಲೇ ಬರೆದಿರುತ್ತಾರೆ. ತನ್ನ ಸರಕಿನ ಕೊರತೆಯನ್ನು ತಾನೇ ಹೇಳಿ ಕೊಡುವ ಅಂಗಡಿ ಎಲ್ಲಿ ಸಿಗುತ್ತದೆ?

ಇದರ ಬೆಲೆ ನನಗೆ ಪೂರ್ತಿ ತಿಳಿದದ್ದು 2023ರ ಕೊನೆಯಲ್ಲಿ. ಸಿಂಪಲ್ ಮೊಬೈಲ್ ಟೂಲ್ಸ್ ಅಂತ ಒಂದು ಸರಣಿ ಇತ್ತು. ಗ್ಯಾಲರಿ, ಕ್ಯಾಲೆಂಡರ್, ಫೈಲ್ ಮ್ಯಾನೇಜರ್ ಹೀಗೆ, ಎಲ್ಲ ಚೊಕ್ಕ ಆ್ಯಪ್‌ಗಳು. ಅದನ್ನು ಮಾಡಿದವರು ಆಗ ಅದನ್ನು ಜಿಪೋಆ್ಯಪ್ಸ್ ಎಂಬ ಕಂಪನಿಗೆ ಮಾರಿದರು. ಆದರೆ ಕೋಡ್ ಮುಕ್ತವಾಗಿತ್ತು. ಜೊತೆಗೆ ಕೆಲಸ ಮಾಡಿದ್ದವರು ಅದೇ ಕೋಡ್ ತಗೊಂಡು ಫಾಸಿಫೈ ಎಂಬ ಹೆಸರಲ್ಲಿ ಮುಂದುವರಿಸಿದರು. ಎಫ್-ಡ್ರಾಯ್ಡ್‌ನಲ್ಲಿ ಈಗ ಅದು ಸಿಗುತ್ತದೆ. ಮಾಲೀಕ ಬದಲಾದರೂ ಬಳಸುವವರ ಕೈ ಖಾಲಿಯಾಗಲಿಲ್ಲ.

ಆದರೆ ಬ್ಯಾಂಕ್ ಆ್ಯಪ್, ಯುಪಿಐ, ಸರ್ಕಾರಿ ಆ್ಯಪ್ ಅಲ್ಲಿಲ್ಲ. ಅಪ್‌ಡೇಟ್ ಕೆಲವೊಮ್ಮೆ ತಡವಾಗುತ್ತದೆ. ಹಾಗಾಗಿ ನಮ್ಮಲ್ಲಿ ಅದೊಂದನ್ನೇ ನೆಚ್ಚಿ ಬದುಕಲಾಗದು. ಪ್ಲೇ ಸ್ಟೋರ್ ಪಕ್ಕದಲ್ಲಿ ಇಟ್ಟುಕೊಳ್ಳಬೇಕಾದದ್ದು. ವಿಡಿಯೊ ನೋಡಲು ವಿಎಲ್‌ಸಿ, ನೆಟ್ ಇಲ್ಲದೆ ನಕ್ಷೆ ನೋಡಲು ಆರ್ಗ್ಯಾನಿಕ್ ಮ್ಯಾಪ್ಸ್, ಪಾಡ್‌ಕಾಸ್ಟ್‌ಗೆ ಆ್ಯಂಟೆನಾಪಾಡ್. ಇಂಥ ದಿನಬಳಕೆಯ ಸಣ್ಣ ಕೆಲಸಗಳಿಗೆ ಮೊದಲು ಅಲ್ಲಿ ಹುಡುಕುವುದು ನನ್ನ ಅಭ್ಯಾಸ.

ಇಂಡಸ್ ಆ್ಯಪ್‌ಸ್ಟೋರ್ ನಮ್ಮ ಬೆಂಗಳೂರಿನದೇ. ಫೋನ್‌ಪೇ ಇದನ್ನು 2024ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿತು. ಆಗಲೇ 2 ಲಕ್ಷಕ್ಕೂ ಹೆಚ್ಚು ಆ್ಯಪ್ ಮತ್ತು ಆಟಗಳಿವೆ ಎಂದರು. ಆ ಅಂಕಿಗಿಂತ ನನಗೆ ಮುಖ್ಯ ಅನ್ನಿಸಿದ್ದು ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಅದು ಬಂದದ್ದು. ಇಂಗ್ಲಿಷ್ ಓದಲು ಬಾರದ ಮನುಷ್ಯನಿಗೆ ಆ್ಯಪ್ ಏನು ಮಾಡುತ್ತದೆ ಅಂತ ಅವನ ಭಾಷೆಯಲ್ಲೇ ತಿಳಿಯುವುದು ಕೂಡ ಗುಣಮಟ್ಟವೇ ಅಲ್ವಾ? ಅಂಥವರು ಮನೆಯಲ್ಲಿದ್ದರೆ ಒಮ್ಮೆ ಹಾಕಿ ನೋಡಿ. ಆದರೆ ಚೀಟಿ ಹಿಡಿದೇ ನೋಡಿ.

ಫೋನ್ ಜೊತೆಗೇ ಬರುವ ಸ್ಟೋರ್‌ಗಳೂ ಇವೆ, ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಸ್ಟೋರ್, ಶಓಮಿಯ ಗೆಟ್‌ಆ್ಯಪ್ಸ್ ಥರದವು. ಆ ಕಂಪನಿಯದೇ ಕೆಲವು ಆ್ಯಪ್‌ಗಳಿಗೆ ಅಪ್‌ಡೇಟ್ ಅಲ್ಲಿಂದ ಬರುತ್ತದೆ. ಅದಕ್ಕಷ್ಟೇ ಬಳಸಿ, ನೋಟಿಫಿಕೇಶನ್ ಆಫ್ ಮಾಡಿ. ಸಣ್ಣ ಸ್ಟೋರ್‌ಗಳಲ್ಲಿ ದುಡ್ಡು ಕೊಟ್ಟು ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಅಮೆಜಾನ್‌ನಂಥ ದೊಡ್ಡ ಕಂಪನಿ 2011ರಲ್ಲಿ ತೆರೆದ ಆ್ಯಪ್‌ಸ್ಟೋರ್ ಕೂಡ 2025ರ ಆಗಸ್ಟ್ 20ಕ್ಕೆ ಆಂಡ್ರಾಯ್ಡ್ ಫೋನ್‌ಗಳಲ್ಲಿ ಮುಚ್ಚಿಹೋಯಿತು.

ಸಾಲದ ಆ್ಯಪ್: ಇಲ್ಲಿ ಸಂಖ್ಯೆಯೇ ಅಪಾಯ

ರಿಸರ್ವ್ ಬ್ಯಾಂಕ್ ನೇಮಿಸಿದ ತಂಡವೊಂದು 2021ರ ಜನವರಿ, ಫೆಬ್ರವರಿಯಲ್ಲಿ ಒಂದು ಲೆಕ್ಕ ತೆಗೆಯಿತು. ಭಾರತದ ಆಂಡ್ರಾಯ್ಡ್ ಬಳಕೆದಾರರಿಗೆ 80ಕ್ಕೂ ಹೆಚ್ಚು ಸ್ಟೋರ್‌ಗಳಲ್ಲಿ ಸುಮಾರು 1,100 ಸಾಲದ ಆ್ಯಪ್‌ಗಳು ಸಿಗುತ್ತಿದ್ದವು. ಅವುಗಳಲ್ಲಿ 600 ಅಕ್ರಮ. ಅರ್ಧಕ್ಕಿಂತ ಹೆಚ್ಚು. ಈ ಅಂಕಿ ಓದಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯಾಕೆಂದರೆ ಆಸ್ಪತ್ರೆಗೋ ಶಾಲೆ ಫೀಸಿಗೋ ನಾಲ್ಕೈದು ಸಾವಿರ ಬೇಕಾದ ಮನುಷ್ಯ ಪಟ್ಟಿಯಲ್ಲಿ ಹತ್ತು ಹೆಸರು ಕಂಡಾಗ ಆರಿಸಿಕೊಳ್ಳಲು ಇಷ್ಟೊಂದು ಇದೆಯಲ್ಲ ಅಂತ ಧೈರ್ಯ ತಾಳುತ್ತಾನೆ. ನನ್ನ ಪರಿಚಯದವರೊಬ್ಬರು ಹೀಗೇ ಸಿಕ್ಕಿಕೊಂಡರು. ಕಂತು ಎರಡು ದಿನ ತಡವಾದದ್ದಕ್ಕೆ ಅವರ ಕಾಂಟ್ಯಾಕ್ಟ್ಸ್‌ನಲ್ಲಿದ್ದವರಿಗೆಲ್ಲ ಕರೆ ಹೋಯಿತು. ಸಾಲ ತೀರಿದರೂ ಆ ಅವಮಾನ ತೀರಲಿಲ್ಲ.

2023ರ ಮೇ ಕೊನೆಯಿಂದ ಪ್ಲೇ ಸ್ಟೋರ್‌ನ ಸಾಲದ ಆ್ಯಪ್‌ಗಳು ಫೋಟೊ, ಕಾಂಟ್ಯಾಕ್ಟ್ಸ್ ಮುಟ್ಟುವಂತಿಲ್ಲ. ನಿಯಂತ್ರಣದಲ್ಲಿರುವ ಸಂಸ್ಥೆಗಳ ಸಾಲದ ಆ್ಯಪ್‌ಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2025ರ ಜುಲೈ 1ರಿಂದ ತನ್ನ ಜಾಲತಾಣದಲ್ಲೇ ಕೊಡುತ್ತಿದೆ. ಸಾಲದ ವಿಚಾರದಲ್ಲಿ ಯಾವ ಸ್ಟೋರ್ ಒಳ್ಳೇದು ಅಂತ ಕೇಳಲೇಬೇಡಿ. ಮೊದಲು ಆ ಪಟ್ಟಿ ನೋಡಿ. ಅದರಲ್ಲಿಲ್ಲದ ಆ್ಯಪ್ ಎಲ್ಲಿ ಸಿಕ್ಕರೂ ಬೇಡ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಯಾವ ಸ್ಟೋರೂ ಅಲ್ಲದ ಇನ್ನೊಂದು ದಾರಿಯಿದೆ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್, ಅಂದರೆ ಒತ್ತಿದರೆ ನೇರವಾಗಿ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್. ಮದುವೆ ಕರೆಯೋಲೆ ಅಂತ, ಟ್ರಾಫಿಕ್ ದಂಡ ಅಂತ ಬರುತ್ತದೆ. ಅದನ್ನು ಮುಟ್ಟಲೇಬೇಡಿ.

ಸ್ಟೋರ್ ಒಳಗೆ ಕಾಳು ಆರಿಸುವಾಗ

ಡೌನ್‌ಲೋಡ್ ಅಂಕಿಯನ್ನು ನಾನು ನೆಚ್ಚುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕ್ಯಾಮ್‌ಸ್ಕ್ಯಾನರ್ ಆ್ಯಪ್‌ನೊಳಗಿನ ಜಾಹೀರಾತಿನ ಭಾಗದಲ್ಲಿ ಕೆಟ್ಟ ಕೋಡ್ ಇದೆ ಎಂದು ಸೈಬರ್ ಭದ್ರತಾ ಕಂಪನಿ ಕ್ಯಾಸ್ಪರ್‌ಸ್ಕಿ ಪತ್ತೆ ಮಾಡಿತು. ಆಗ ಅದರ ಡೌನ್‌ಲೋಡ್ 10 ಕೋಟಿ ದಾಟಿತ್ತು. ಬಾರ್‌ಕೋಡ್ ಸ್ಕ್ಯಾನರ್ ಎಂಬ ಇನ್ನೊಂದು ಆ್ಯಪ್ ವರ್ಷಗಟ್ಟಲೆ ಸರಿಯಾಗಿಯೇ ಇತ್ತು, ಒಂದು ಕೋಟಿಗೂ ಹೆಚ್ಚು ಜನ ಹಾಕಿಕೊಂಡಿದ್ದರು. 2020ರ ಕೊನೆಯ ಒಂದು ಅಪ್‌ಡೇಟ್ ಆದಮೇಲೆ ತಾನಾಗಿಯೇ ಬ್ರೌಸರ್ ತೆರೆದು ಜಾಹೀರಾತು ತೋರಿಸತೊಡಗಿತು.

ನಕ್ಷತ್ರಗಳಲ್ಲಿ ನಾನು ಐದನ್ನೂ ಬಿಡುತ್ತೇನೆ, ಒಂದನ್ನೂ ಬಿಡುತ್ತೇನೆ. ಎರಡು, ಮೂರು ಕೊಟ್ಟವರು ಏನು ಬರೆದಿದ್ದಾರೆ ಅಂತ ಹೊಸತರಿಂದ ಹಳತಕ್ಕೆ ಓದುತ್ತೇನೆ. ಏನು ಚೆನ್ನಾಗಿದೆ, ಎಲ್ಲಿ ಕೈಕೊಟ್ಟಿತು ಎರಡನ್ನೂ ಹೇಳುವವರು ಅವರೇ. ಕೊನೆಯ ಅಪ್‌ಡೇಟ್ ಯಾವಾಗ ಅಂತ ನೋಡುತ್ತೇನೆ. ಹಾಗೆ ನೋಡಿದ್ದರೆ ಅಮ್ಮನ ಹಳೇ ಪಂಚಾಂಗ ಅವತ್ತೇ ಸಿಕ್ಕಿಬೀಳುತ್ತಿತ್ತು. ಅದೇ ಡೆವಲಪರ್‌ನ ಬೇರೆ ಆ್ಯಪ್‌ಗಳ ಪಟ್ಟಿಯನ್ನೂ ತೆರೆಯುತ್ತೇನೆ. ಪಂಚಾಂಗ, ಟಾರ್ಚ್, ಪ್ರೇಮ ಸಂದೇಶ, ಸಾಲದ ಲೆಕ್ಕ ಎಲ್ಲ ಒಬ್ಬನದೇ ಆಗಿದ್ದರೆ ಅವನು ಪಂಚಾಂಗದ ಮನುಷ್ಯ ಅಲ್ಲ ಅಂತ ಬಿಟ್ಟುಬಿಡುತ್ತೇನೆ. ಯಾವ ಮಾಹಿತಿ ತಗೊಳ್ಳುತ್ತೇವೆ ಅಂತ ಸ್ಟೋರ್ ಪುಟದಲ್ಲಿ ಬರೆದಿರುತ್ತದಲ್ಲ, ಅದನ್ನು ಬರೆದುಕೊಟ್ಟಿರುವುದು ಡೆವಲಪರೇ. ಗೂಗಲ್‌ನಲ್ಲೂ ಹಾಗೇ, ಆ್ಯಪಲ್‌ನಲ್ಲೂ ಹಾಗೇ. ಓದಿ, ಆದರೆ ಪ್ರಮಾಣಪತ್ರ ಅಂದುಕೊಳ್ಳಬೇಡಿ. ಹಾಕಿದ ಮೇಲೆ ಅದು ಯಾವ ಪರ್ಮಿಷನ್ ಕೇಳುತ್ತದೆ ಅನ್ನುವುದೇ ನಿಜವಾದ ಪರೀಕ್ಷೆ.

ಕನ್ನಡದ ಆ್ಯಪ್‌ಗಳಿಗೆ ಇನ್ನೊಂದು ನೋಡಿ. ವಿವರಣೆಯ ಕನ್ನಡ ಓದಿದ ತಕ್ಷಣ ಅರ್ಥವಾಗುತ್ತದೆಯಾ, ಒತ್ತಕ್ಷರ ಸರಿ ಕೂತಿವೆಯಾ? ಯಂತ್ರದಲ್ಲಿ ಅನುವಾದಿಸಿ ಹಾಗೇ ಅಂಟಿಸಿದ್ದರೆ ಎರಡನೇ ಸಾಲಿಗೇ ಗೊತ್ತಾಗುತ್ತದೆ. ಭಾಷೆಯ ಕಡೆ ಗಮನ ಕೊಡದವರು ಬೇರೆ ಕಡೆಯೂ ಗಮನ ಕೊಟ್ಟದ್ದನ್ನು ನಾನು ಕಂಡದ್ದು ಕಡಿಮೆ. ಚೆನ್ನಾಗಿ ಮಾಡಿದ ಕನ್ನಡದ ಆ್ಯಪ್ ಸಿಕ್ಕರೆ ಎರಡು ಸಾಲು ಕನ್ನಡದಲ್ಲೇ ವಿಮರ್ಶೆ ಬರೆಯಿರಿ. ಮುಂದೆ ಹುಡುಕುವವರಿಗೆ ಅದು ದಾರಿ ತೋರಿಸುತ್ತದೆ.

ಅಮ್ಮನ ಫೋನ್‌ನಲ್ಲಿ ಈಗ ಅವಳ ಚೀಟಿಯ ಹನ್ನೊಂದು ಆ್ಯಪ್ ಇವೆ. ಸ್ಟೋರ್ ಒಂದೇ, ಪ್ಲೇ. ಹೊರಗಿನಿಂದ ಇನ್‌ಸ್ಟಾಲ್ ಆಗುವುದನ್ನು ಆಫ್ ಮಾಡಿಟ್ಟಿದ್ದೇನೆ. ನನ್ನದರಲ್ಲಿ ಪ್ಲೇ ಜೊತೆ ಎಫ್-ಡ್ರಾಯ್ಡ್ ಇದೆ. ಯುಗಾದಿ ಹತ್ತಿರ ಬಂದಾಗ ಅವಳ ಪಂಚಾಂಗ ಹೊಸ ಸಂವತ್ಸರಕ್ಕೆ ಅಪ್‌ಡೇಟ್ ಆಗಿದೆಯಾ ಅಂತ ಒಮ್ಮೆ ತೆರೆದು ನೋಡುತ್ತೇನೆ.